ಘಾಟಿಯಲ್ಲಿ ಮೆತ್ತಗಾಗುವ ಬ್ರೇಕ್ ಪೆಡಲ್

ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಯಾಕೆ ಮೆತ್ತಗಾಗುತ್ತೆ ಅಂತ ಕೇಳಿದ್ದಿರಿ. ಪ್ಯಾಡ್ ಅಲ್ಲ, ಬ್ರೇಕ್ ಆಯಿಲ್ ಕುದಿಯುತ್ತಿರಬೇಕು. ರೀಮ್ಯಾಪ್ ಆದ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸಿದ) ಗಾಡಿ, ಹೊಸ ಪ್ಯಾಡ್, ಆದರೂ ಚಾರ್ಮಾಡಿ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತೆ, ಉಜಿರೆಯಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಗಟ್ಟಿ ಅಂದಿರಲ್ಲ, ಅದೇ ಸುಳಿವು. ಪ್ಯಾಡ್ ಕಾದಿದ್ದರೆ ಪೆಡಲ್ ಗಟ್ಟಿಯಾಗೇ ಇರುತ್ತೆ, ಗಾಡಿ ಮಾತ್ರ ನಿಲ್ಲಲ್ಲ.

ಮೊದಲು ಗಾಡಿ ತಣ್ಣಗಿದ್ದಾಗ, ಎಂಜಿನ್ ಆನ್ ಇಟ್ಟು ಪೆಡಲ್ ಒತ್ತಿ ಹಿಡಿಯಿರಿ. ನಿಧಾನಕ್ಕೆ ಇಳಿಯುತ್ತಾ ಹೋದರೆ ಲೀಕ್ ಇರಬಹುದು, ಇಲ್ಲ ಮಾಸ್ಟರ್ ಸಿಲಿಂಡರ್‌ನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಸೀಲ್ ಹೋಗಿರಬಹುದು. ಗಾಡಿ ನೋಡದೆ ಯಾವುದೆಂದು ಹೇಳಲಾರೆ. ಓಡಿಸಬೇಡಿ, ಮೆಕ್ಯಾನಿಕ್‌ನನ್ನು ನಿಮ್ಮ ಮನೆಗೇ ಕರೆಸಿ.

ಇಳಿಯದಿದ್ದರೆ ಆಯಿಲ್ ಬದಲಿಸಿ. ಅದು ಗಾಳಿಯ ತೇವ ಹೀರುತ್ತೆ: ಡಾಟ್ 4 ಎಂಬ ದರ್ಜೆಯ ಆಯಿಲ್‌ನ ಕನಿಷ್ಠ ಕುದಿಬಿಂದು ಹೊಸದಕ್ಕೆ 230 ಡಿಗ್ರಿ, ತೇವ ಹೀರಿದ್ದಕ್ಕೆ 155. ಡಾಟ್ 5.1ಕ್ಕೆ 260 ಮತ್ತು 180. ಬರೀ ಡಾಟ್ 5 ಸಿಲಿಕೋನಿನದು, ಅದನ್ನು ಮುಟ್ಟಲೇಬೇಡಿ. ಅರ್ಧ ಬಳಸಿಟ್ಟ ಡಬ್ಬಿಯೂ ಬೇಡ.

ರಿಸರ್ವಾಯರ್‌ನಲ್ಲಿರುವ (ಬ್ರೇಕ್ ಆಯಿಲ್ ತುಂಬುವ ಡಬ್ಬಿ) ಹಳೆಯದನ್ನು ಸಿರಿಂಜಿನಲ್ಲಿ ಎಳೆದು, ಹೊಸದು ತುಂಬಿ, ಮ್ಯಾನ್ಯುಯಲ್‌ನಲ್ಲಿರುವ ಕ್ರಮದಲ್ಲಿ ಒಂದೊಂದೇ ಚಕ್ರ ಬ್ಲೀಡ್ ಮಾಡಿ, ಅಂದರೆ ಹಳೆಯ ಆಯಿಲ್ ಮತ್ತು ಗಾಳಿಯನ್ನು ಹೊರಬಿಡಿ. ನನ್ನ ಗಾಡಿಯಿಂದ ಇಳಿದದ್ದು ಥೇಟ್ ಕಾಫಿ ಡಿಕಾಕ್ಷನ್! ಗುಳ್ಳೆ ನಿಂತು ತಿಳಿಯಾಗುವವರೆಗೆ ಬಿಡಿ. ಮಧ್ಯೆ ರಿಸರ್ವಾಯರ್ ಖಾಲಿಯಾದರೆ ಗಾಳಿ ಸೇರಿ ಮೊದಲಿಂದ ಶುರು. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲವಾದರೆ ಬಣ್ಣ ಕಿತ್ತು ಬರುತ್ತೆ.

ಮುಂದಿನ ಸಲ ಇಳಿಯುವಾಗ, ಬ್ರೇಕ್ ಅಷ್ಟು ಕಾಯದಂತೆ, ಎರಡನೇ ಗೇರ್‌ನಲ್ಲೇ ಇಳಿಯಿರಿ.