ಚೌಡಯ್ಯನವರ ಪಿಟೀಲಿಗೆ ಏಳು ತಂತಿ ಯಾಕೆ?

ಮುಖ್ಯ ಕಾರಣ ದನಿ ಸಾಲದೆ ಹೋದದ್ದು. ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ತಿರುಮಕೂಡಲು ಚೌಡಯ್ಯನವರು (1895–1967) ಪಕ್ಕವಾದ್ಯಕ್ಕೆ ಹೆಸರು ಮಾಡುವ ಹೊತ್ತಿಗೆ ಕಛೇರಿಗಳಲ್ಲಿ ಮೈಕು ಇನ್ನೂ ರೂಢಿಯಾಗಿರಲಿಲ್ಲ. ಗಾಯಕರ ಕಂಚಿನ ಕಂಠದ ಮುಂದೆ ನಾಲ್ಕು ತಂತಿಯ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ.

ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ನಾಲ್ಕು ತಂತಿಗೆ ಸ–ಪ–ಸ–ಪ (ಷಡ್ಜ, ಪಂಚಮ) ಶ್ರುತಿ. ಇವುಗಳಲ್ಲಿ ಮೂರಕ್ಕೆ ಚೌಡಯ್ಯನವರು ಒಂದೊಂದು ಜೊತೆ ತಂತಿ ಸೇರಿಸಿದರು. ಜೋಡಿಯ ನಡುವೆ ಒಂದು ಸ್ಥಾಯಿಯ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನಷ್ಟು) ಅಂತರ. ಹಾಗಾಗಿ ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಮೊಳಗುತ್ತದೆ.

ನುಡಿಸುವುದು ಮಾತ್ರ ಸುಲಭವಲ್ಲ. ಬೆರಳ ತುದಿ ಎರಡೂ ತಂತಿಯನ್ನು ಸಮನಾಗಿ ಒತ್ತಬೇಕು. ಚೂರು ವಾಲಿದರೂ ಅಪಸ್ವರ, ಗಮಕದ (ಸ್ವರವನ್ನು ಬಳುಕಿಸುವ) ಜಾರಿನಲ್ಲಂತೂ ಎದ್ದು ಕೇಳುತ್ತದೆ. ದಪ್ಪ ತಂತಿ, ಸಣ್ಣ ತಂತಿ ಎರಡೂ ಒಂದೇ ಅಳತೆಯಲ್ಲಿ ಇಳಿಯುವುದಿಲ್ಲವಾದ್ದರಿಂದ ಶ್ರುತಿಯ ಮೇಲೆ ಸದಾ ಕಿವಿ ಇರಬೇಕು. ಕಮಾನಿಗೂ ಬಲವಾದ ಕೈ ಬೇಕು (ಅದು ಅವರಿಗೆ ಧಾರಾಳವಾಗಿತ್ತು ಬಿಡಿ).

1957ರಲ್ಲಿ ಅವರಿಗೆ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಬಂತು. ಅವರ ಶಿಷ್ಯ ಆರ್.ಆರ್. ಕೇಶವಮೂರ್ತಿಯವರು ಏಳು ತಂತಿಯನ್ನು ಮುಂದುವರಿಸಿದರು. ಉಳಿದ ಹೆಚ್ಚಿನವರು ಆ ದಾರಿ ಹಿಡಿಯಲಿಲ್ಲ. ಮೈಕು ಬಂದ ಮೇಲೆ ಅಷ್ಟು ಪಾಡುಪಡುವ ಅಗತ್ಯವೂ ಇರಲಿಲ್ಲ.