ಒಂದೇ ಸಂಖ್ಯೆಗೆ ಮೂರು ಮರ ಬಂದರೆ ಬರಲಿ ಬಿಡಿ

ಪ್ರಶ್ನೆ: 6ನೇ ತರಗತಿಗೆ ಗಣಿತ ಕಲಿಸುತ್ತೇನೆ. ಈಗಷ್ಟೇ ಅಪವರ್ತನ ವೃಕ್ಷ, ಅಂದರೆ ಒಂದು ಸಂಖ್ಯೆಯನ್ನು ಗುಣಲಬ್ಧಗಳಾಗಿ ಕವಲು ಕವಲಾಗಿ ಒಡೆಯುತ್ತಾ ಹೋಗುವ ಚಿತ್ರ, ಶುರು ಮಾಡಿದ್ದೇನೆ. ಕೆಲವು ಮಕ್ಕಳು 9, 15 ಬಂದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಕೆಲವರು 1ನ್ನೂ ಸೇರಿಸುತ್ತಾರೆ. ಒಬ್ಬೊಬ್ಬರ ಮರ ಒಂದೊಂದು ಥರ ಇರುವುದರಿಂದ ತಿದ್ದುವುದೂ ಕಷ್ಟ. ಎಲ್ಲರೂ 2ರಿಂದಲೇ ಶುರು ಮಾಡಬೇಕು ಅಂತ ನಿಯಮ ಮಾಡಿಬಿಡಲೇ?

ಉತ್ತರ: ಬೇಡ. ನಿಮ್ಮ ತಿದ್ದುವ ಕೆಲಸವೇನೋ ಹಗುರಾಗುತ್ತದೆ, ಆದರೆ ಈ ಪಾಠದಲ್ಲಿ ಮಕ್ಕಳಿಗೆ ಬೆರಗಾಗುವ ಜಾಗವೇ ಹೋಗಿಬಿಡುತ್ತದೆ. 2ರಿಂದ ಸಾಲಾಗಿ ಭಾಗಿಸುತ್ತಾ ಹೋಗಲು ಭಾಗಾಕಾರದ ವಿಧಾನ ಹೇಗೂ ಇದೆ. ಅದನ್ನು ಆಮೇಲೆ ಕಲಿಸಿದರಾಯಿತು.

ಬೋರ್ಡಿನ ಮೇಲೆ 60 ಬರೆಯಿರಿ. 'ಇದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯಿರಿ, 1 ಬೇಡ' ಅಂತಷ್ಟೇ ಹೇಳಿ. ಒಬ್ಬರು 6 × 10 ಅನ್ನುತ್ತಾರೆ, ಇನ್ನೊಬ್ಬರು 4 × 15, ಮತ್ತೊಬ್ಬರು 2 × 30. ಮೂರನ್ನೂ ಅಕ್ಕಪಕ್ಕ ಬರೆದು, ಇನ್ನು ಒಡೆಯಲು ಆಗುವುದಿಲ್ಲ ಅನ್ನುವವರೆಗೂ ಮಕ್ಕಳಿಂದಲೇ ಒಡೆಸಿ. ಆಮೇಲೆ ತುದಿಗಳನ್ನು ಓದಿಸಿ. 2, 2, 3, 5. ಮೂರು ಮರದಲ್ಲೂ ಅವೇ! 'ಬೇರೆ ತುದಿ ಬರುವ ಹಾಗೆ ಒಡೆದು ತೋರಿಸಿ ನೋಡೋಣ' ಎಂದು ಸವಾಲು ಹಾಕಿ. ಸ್ವಲ್ಪ ಒದ್ದಾಡಲಿ, ಅವಸರ ಬೇಡ. 1ಕ್ಕಿಂತ ದೊಡ್ಡ ಯಾವ ಸ್ವಾಭಾವಿಕ ಸಂಖ್ಯೆಯನ್ನು ಹೇಗೇ ಒಡೆದರೂ ಸಿಗುವ ಅವಿಭಾಜ್ಯ ಸಂಖ್ಯೆಗಳು (1 ಮತ್ತು ತಮ್ಮಿಂದ ಮಾತ್ರ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆಗಳು) ಅವೇ, ಕ್ರಮ ಮಾತ್ರ ಬದಲಾಗಬಹುದು. ಅಂಕಗಣಿತದ ಮೂಲಭೂತ ಪ್ರಮೇಯ ಅನ್ನುವುದು ಇದನ್ನೇ. 1801ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಇದನ್ನು ಸ್ಪಷ್ಟವಾಗಿ ಹೇಳಿ ಸಾಧಿಸಿದರು. ಈ ವಯಸ್ಸಿನವರಿಗೆ ಸಾಧನೆ ಬೇಕಿಲ್ಲ, ಕಣ್ಣಾರೆ ಕಂಡರೆ ಸಾಕು.

ತಿದ್ದುವಾಗ ಮರದ ಆಕಾರ ನೋಡಬೇಡಿ. ತುದಿಗಳೆಲ್ಲ ಅವಿಭಾಜ್ಯವೇ? ಗುಣಿಸಿದರೆ ಮೊದಲಿನ ಸಂಖ್ಯೆ ಬರುತ್ತದೆಯೇ? ಇಷ್ಟೇ. ಇದನ್ನು ಮಕ್ಕಳೇ ನೋಡಿಕೊಳ್ಳಬಹುದು. 2 × 30 ಎಂದು ಒಡೆದವರು ಮೇಲೆಯೇ ನಿಂತುಹೋದ ಆ 2ನ್ನು ಕೊನೆಗೆ ಮರೆಯುವುದು ಜಾಸ್ತಿ. ಅವಿಭಾಜ್ಯ ಸಿಕ್ಕ ತಕ್ಷಣ ವೃತ್ತ ಹಾಕಿಸಿ.

1 ಬರೆದವರನ್ನು ಗದರಬೇಡಿ, ಮುಂದುವರಿಸಲು ಹೇಳಿ. 5 ಅಂದರೆ 1 × 5, ಆ 5 ಮತ್ತೆ 1 × 5. ಮರ ಮುಗಿಯುವುದೇ ಇಲ್ಲ, ಅಲ್ವಾ? ಅವರೇ ನಕ್ಕು ಕೈಬಿಡುತ್ತಾರೆ.

9, 15ಕ್ಕೆ ನಿಲ್ಲಿಸುವವರು ಸಾಮಾನ್ಯವಾಗಿ ಬೆಸ ಸಂಖ್ಯೆಯನ್ನೇ ಅವಿಭಾಜ್ಯ ಅಂದುಕೊಂಡಿರುತ್ತಾರೆ. 'ಇದು 3ರ ಮಗ್ಗಿಯಲ್ಲಿ ಬರುತ್ತಾ?' ಎಂದು ಕೇಳಿದರೆ ಸರಿಹೋಗುತ್ತದೆ. ನಿಜವಾಗಿ ಕಾಡುವುದು 51, 57, 87, 91. ಹತ್ತರವರೆಗಿನ ಮಗ್ಗಿಯಲ್ಲಿ ಇವು ಸಿಗುವುದಿಲ್ಲ. ಮೊದಲ ಮೂರನ್ನು ಅಂಕಿಗಳ ಮೊತ್ತ ಹಿಡಿದುಕೊಡುತ್ತದೆ: 5 + 1 = 6, ಹಾಗಾಗಿ 51 ಮೂರರಿಂದ ಭಾಗವಾಗುತ್ತದೆ. 91ಕ್ಕೆ ಆ ಉಪಾಯ ನಡೆಯದು, 7ರಿಂದ ಭಾಗಿಸಿಯೇ ನೋಡಬೇಕು. 7 × 13. ಹಾಗಾದರೆ ಎಲ್ಲಿಯವರೆಗೆ ಭಾಗಿಸಿ ನೋಡುವುದು? 97ನ್ನೇ ತೆಗೆದುಕೊಳ್ಳಿ. 2, 3, 5, 7 ನೋಡಿದರೆ ಸಾಕು. ಮುಂದಿನ ಅವಿಭಾಜ್ಯ 11, ಆದರೆ 11 × 11 ಆಗಲೇ 121. 97ಕ್ಕೆ 11 ಅಥವಾ ಅದಕ್ಕಿಂತ ದೊಡ್ಡ ಅಪವರ್ತನ ಇದ್ದರೆ ಅದರ ಜೊತೆಯದು 11ಕ್ಕಿಂತ ಚಿಕ್ಕದಿರಲೇಬೇಕು. ಅಷ್ಟರಲ್ಲೇ ಅದು ಸಿಕ್ಕಿಬಿದ್ದಿರುತ್ತಿತ್ತು.

ಎರಡು ದಿನ ಕಳೆದ ಮೇಲೆ ಆಟ ತಿರುಗಿಸಿ. ತುದಿಗಳು 2, 3, 3, 7 ಅಂತ ಕೊಟ್ಟು ಸಂಖ್ಯೆ ಕೇಳಿ. ಕೆಲವರು ಕೂಡಿಸಿ 15 ಅನ್ನಬಹುದು, ಅವರಿಗೆ ತುದಿಗಳ ನಡುವೆ ಗುಣಾಕಾರದ ಗುರುತು ಹಾಕಿ ಬರೆಯಲು ಹೇಳಿ. 126 ಬಂದ ಮೇಲೆ, ಭಾಗಿಸದೆಯೇ ಹೇಳಿ ಎಂದು ಕೇಳಿ: ಇದು 14ರಿಂದ ಭಾಗವಾಗುತ್ತಾ? ತುದಿಯಲ್ಲಿ 2 ಇದೆ, 7 ಇದೆ, ಹಾಗಾಗಿ ಆಗುತ್ತದೆ. 4ರಿಂದ? ಎರಡು 2 ಬೇಕು, ಇರುವುದು ಒಂದೇ. ಇದನ್ನು ತಾವೇ ಹೇಳಬಲ್ಲ ಮಕ್ಕಳಿಗೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಕೊಟ್ಟ ಸಂಖ್ಯೆಗಳೆಲ್ಲವನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಪಾಠ ಶುರು ಮಾಡಬಹುದು.