ಒಬ್ಬ ಫುಟ್‌ಬಾಲ್ ಮ್ಯಾನೇಜರ್ ಬಗ್ಗೆ ನನ್ನ ಅಭಿಪ್ರಾಯ ಪ್ರತಿ ವರ್ಷವೂ ಬದಲಾಗುತ್ತಿದೆ. ಆತ ನಿಜಕ್ಕೂ ಸಮರ್ಥನೇ, ಒಳ್ಳೆಯ ಮನುಷ್ಯನೇ ಎಂದು ಖಚಿತವಾಗಿ ತೀರ್ಮಾನಿಸುವುದು ಹೇಗೆ?

ನಿಮ್ಮ ಹಾಗೆಯೇ ನಾನೂ ಇದೇ ಗೊಂದಲದಲ್ಲಿ ಹಲವು ವರ್ಷ ಕಳೆದಿದ್ದೇನೆ. ನನ್ನ ಪಾಲಿಗೆ ಆ ಮ್ಯಾನೇಜರ್ ಇಟಲಿಯ ಕ್ಲಾಡಿಯೊ ರಾನಿಯೇರಿ. 2004ರ ಏಪ್ರಿಲ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಅವರ ಚೆಲ್ಸಿ ತಂಡ ಮೊನಾಕೊ ಎದುರು 1–1ರ ಸಮಬಲದಲ್ಲಿತ್ತು. ಎದುರಾಳಿಯ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ ರಾನಿಯೇರಿ ಗೆಲುವಿನ ಆಸೆಗೆ ಬಿದ್ದು, ರಕ್ಷಣಾ ಆಟಗಾರನೊಬ್ಬನನ್ನು ಹೊರಕರೆದು ಸ್ಟ್ರೈಕರ್‌ನನ್ನು ಇಳಿಸಿದರು. ಹತ್ತೇ ಮಂದಿಯ ಮೊನಾಕೊ 3–1ರಿಂದ ಗೆದ್ದಿತು. ತಂಡವನ್ನು ಸದಾ ಅದಲುಬದಲು ಮಾಡುತ್ತಾರೆಂದು ಇಂಗ್ಲೆಂಡಿನ ಪತ್ರಿಕೆಗಳು ಅವರಿಗೆ ಮೊದಲೇ ‘ಟಿಂಕರ್‌ಮ್ಯಾನ್’ ಎಂಬ ಅಡ್ಡಹೆಸರಿಟ್ಟಿದ್ದವು, ನಾನೂ ಅದನ್ನೇ ನಂಬಿದೆ. ಅದೇ ಋತುವಿನಲ್ಲಿ ಚೆಲ್ಸಿ 79 ಅಂಕ ಗಳಿಸಿ, ಒಂದೂ ಪಂದ್ಯ ಸೋಲದ ಆರ್ಸೆನಲ್‌ನ ಹಿಂದೆಯೇ ಲೀಗಿನಲ್ಲಿ ಎರಡನೆಯ ಸ್ಥಾನದಲ್ಲಿ ನಿಂತದ್ದು ನನ್ನ ಲೆಕ್ಕಕ್ಕೇ ಬರಲಿಲ್ಲ.

ಹತ್ತು ವರ್ಷಗಳ ನಂತರ ಅವರು ಗ್ರೀಸ್ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ನಾಲ್ಕು ಅರ್ಹತಾ ಪಂದ್ಯಗಳಲ್ಲಿ ಸಿಕ್ಕಿದ್ದು ಒಂದೇ ಅಂಕ. 2014ರ ನವೆಂಬರ್‌ನಲ್ಲಿ ತಮ್ಮ ನೆಲದಲ್ಲೇ ಫ್ಯಾರೊ ದ್ವೀಪಗಳಂಥ ಪುಟ್ಟ ತಂಡಕ್ಕೆ ಸೋತು ಕೆಲಸ ಕಳೆದುಕೊಂಡರು. ಹೀಗಾಗಿ 2015ರ ಜುಲೈಯಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ ಅವರನ್ನು ನೇಮಿಸಿಕೊಂಡಾಗ ನಕ್ಕವರಲ್ಲಿ ನಾನೂ ಒಬ್ಬ. ಮುಂದಿನದು ಎಲ್ಲರಿಗೂ ತಿಳಿದ ಕಥೆ. ಬುಕ್ಕಿಗಳು ಒಂದಕ್ಕೆ ಐದು ಸಾವಿರ ಕೊಡುತ್ತೇವೆಂದಿದ್ದ ತಂಡ 81 ಅಂಕ ಗಳಿಸಿ, ಎರಡನೆಯ ಸ್ಥಾನದ ಆರ್ಸೆನಲ್‌ಗಿಂತ 10 ಅಂಕ ಮುಂದೆ ನಿಂತು, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿತು.

ನನ್ನ ಅಭಿಪ್ರಾಯ ಒಂದೇ ವರ್ಷದಲ್ಲಿ ತಲೆಕೆಳಗಾಯಿತು. ಅದರಿಂದೇನೂ ನಷ್ಟವಿರಲಿಲ್ಲ. ನಷ್ಟವಾದದ್ದು, ಆ ಗೆಲುವಿಗೆ ನಾನು ಕಂಡುಕೊಂಡ ಕಾರಣದಿಂದ. ಗೋಲು ಬಿಟ್ಟುಕೊಡದೆ ಪಂದ್ಯ ಮುಗಿಸಿದರೆ ಪಿಜ್ಜಾ ಕೊಡಿಸುವುದಾಗಿ ರಾನಿಯೇರಿ ಆಟಗಾರರಿಗೆ ಮಾತು ಕೊಟ್ಟಿದ್ದರು. ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 1–0ರಿಂದ ಗೆದ್ದ ಮೇಲೆ ಮಾತು ಉಳಿಸಿಕೊಂಡರು. ಸುದ್ದಿಗೋಷ್ಠಿಗಳಲ್ಲಿ ನಗುತ್ತಿದ್ದರು, ಯಾರ ಮೇಲೂ ಹರಿಹಾಯುತ್ತಿರಲಿಲ್ಲ. ಅವರಿಗಿಂತ ಮೊದಲು ಮ್ಯಾನೇಜರ್ ಆಗಿದ್ದ ನೈಜೆಲ್ ಪಿಯರ್ಸನ್ ಅವರಾದರೋ ಪತ್ರಕರ್ತನೊಬ್ಬನನ್ನು ‘ನೀನೊಂದು ಉಷ್ಟ್ರಪಕ್ಷಿ’ ಎಂದು ಎಲ್ಲರೆದುರು ಗದರಿದ್ದ ಮನುಷ್ಯ. ಸಿಡುಕಿನವರು ಹೋದರು, ಸೌಮ್ಯ ಸ್ವಭಾವದವರು ಬಂದರು, ತಂಡ ಗೆದ್ದಿತು. ಆದ್ದರಿಂದ ಸೌಮ್ಯತೆಯೇ ಸಾಮರ್ಥ್ಯ ಎಂದು ನಾನು ತೀರ್ಮಾನಿಸಿಬಿಟ್ಟೆ.

ಆಗ ನಾನು ಒಂದು ಹವ್ಯಾಸಿ ಫುಟ್‌ಬಾಲ್ ತಂಡದ ಆಡಳಿತ ಸಮಿತಿಯಲ್ಲಿದ್ದೆ. ನಮ್ಮ ಕೋಚ್ ಕಟ್ಟುನಿಟ್ಟಿನವರು, ತಡವಾಗಿ ಬಂದವರನ್ನು ಮೈದಾನಕ್ಕೇ ಬಿಡುತ್ತಿರಲಿಲ್ಲ, ಹೊಗಳಿಕೆಯಂತೂ ಅವರ ಬಾಯಿಂದ ಬರುತ್ತಲೇ ಇರಲಿಲ್ಲ. ಅವರನ್ನು ಬಿಡಿಸಿ, ಎಲ್ಲರೊಂದಿಗೂ ನಗುನಗುತ್ತಾ ಬೆರೆಯುವ ಇನ್ನೊಬ್ಬರನ್ನು ತರಬೇಕೆಂದು ಸಮಿತಿಯಲ್ಲಿ ವಾದಿಸಿದವನು ನಾನು, ಲೆಸ್ಟರ್‌ನ ಉದಾಹರಣೆ ಕೊಟ್ಟು ಎಲ್ಲರನ್ನೂ ಒಪ್ಪಿಸಿದವನೂ ನಾನೇ. ಹೊಸಬರು ಮೊದಲ ತಿಂಗಳಲ್ಲೇ ಅಭ್ಯಾಸದ ಕ್ರಮ ಬದಲಿಸಿದರು, ಹಳೆಯ ಸಹಾಯಕ ಕೋಚ್‌ಗೆ ಕೆಲಸವಿಲ್ಲದಂತೆ ಮಾಡಿದರು, ರಕ್ಷಣಾ ಸಾಲನ್ನು ಪ್ರತಿ ಪಂದ್ಯಕ್ಕೂ ಬೇರೆ ಬೇರೆಯಾಗಿ ನಿಲ್ಲಿಸಿದರು. ಮುಂದಿನ ವರ್ಷ ತಂಡವನ್ನು ಕಣಕ್ಕಿಳಿಸುವಷ್ಟು ಆಟಗಾರರೂ ನಮ್ಮಲ್ಲಿ ಉಳಿಯಲಿಲ್ಲ.

ನಾನು ನೋಡದೆ ಬಿಟ್ಟದ್ದು ಏನೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಬಿಟ್ಟುಹೋಗಿದೆ. ರಾನಿಯೇರಿ ಲೆಸ್ಟರ್‌ಗೆ ಬಂದಾಗ ಅದು ಮುಳುಗುತ್ತಿದ್ದ ತಂಡವಾಗಿರಲಿಲ್ಲ. ಹಿಂದಿನ ಋತುವಿನ ಕೊನೆಯ 9 ಪಂದ್ಯಗಳಲ್ಲಿ 7ನ್ನು ಗೆದ್ದು, ಪಟ್ಟಿಯ ತಳದಿಂದ ಎದ್ದು ಬಂದಿತ್ತು, ಅದೂ ಆ ಸಿಡುಕಿನ ಪಿಯರ್ಸನ್ ಅವರ ಕೈಕೆಳಗೆ. ಮುಖ್ಯ ಆಟಗಾರರಾದ ವಾರ್ಡಿ, ಮಹ್ರೆಜ್ ಆಗಲೇ ಅಲ್ಲಿದ್ದರು. ಸಹಾಯಕರಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಅವರನ್ನೂ ಆಟಗಾರರನ್ನು ಹುಡುಕಿ ತರುತ್ತಿದ್ದ ಸ್ಟೀವ್ ವಾಲ್ಶ್ ಅವರನ್ನೂ ರಾನಿಯೇರಿ ಹಾಗೆಯೇ ಉಳಿಸಿಕೊಂಡರು. ಇನ್ನೊಬ್ಬರು ಕಟ್ಟಿದ ಮನೆಗೆ ಬಂದವರು ಗೋಡೆ ಒಡೆಯದೆ ದೀಪವನ್ನಷ್ಟೇ ಹಚ್ಚಿದ ಹಾಗೆ. ಸದಾ ಕೈಯಾಡಿಸುವವರೆಂದು ಹೆಸರಾದವರು ಆ ವರ್ಷ ಕೈಯಾಡಿಸದೆ ಇದ್ದುದೇ ಅವರ ದೊಡ್ಡ ಜಾಣ್ಮೆ. ನಾನು ಅವರ ನಗುವನ್ನು ನಕಲು ಮಾಡಹೊರಟೆ, ಅವರ ಸಂಯಮವನ್ನಲ್ಲ. ನಮ್ಮ ಕಟ್ಟುನಿಟ್ಟಿನ ಕೋಚ್ ನಮ್ಮ ಪಾಲಿನ ಪಿಯರ್ಸನ್ ಆಗಿದ್ದರು. ಅವರು ಕಟ್ಟಿದ್ದನ್ನು ಕಾಪಾಡುವ ಷರತ್ತನ್ನಾದರೂ ಹೊಸಬರಿಗೆ ಹಾಕಬೇಕೆಂದು ನನಗೆ ತೋಚಲಿಲ್ಲ.

ಲೆಸ್ಟರ್‌ನಲ್ಲೂ ಮುಂದೆ ಆದದ್ದು ಅದೇ ಬಗೆಯದು. 2016ರ ಬೇಸಿಗೆಯಲ್ಲಿ ಮಿಡ್‌ಫೀಲ್ಡರ್ ಕಾಂಟೆ ಚೆಲ್ಸಿಗೆ ಹೋದರು, ವಾಲ್ಶ್ ಎವರ್ಟನ್‌ಗೆ ಹೋದರು, ರಾನಿಯೇರಿ ಆಟಗಾರರನ್ನು ನಿಲ್ಲಿಸುವ ಹೊಸ ಹೊಸ ವಿನ್ಯಾಸಗಳನ್ನು ಪ್ರಯತ್ನಿಸತೊಡಗಿದರು. 2017ರ ಜನವರಿಯಲ್ಲಿ ಫಿಫಾ ಅವರನ್ನು ಹಿಂದಿನ ವರ್ಷದ ಅತ್ಯುತ್ತಮ ಕೋಚ್ ಎಂದು ಗೌರವಿಸಿತು, ಫೆಬ್ರುವರಿ 23ರಂದು ಕ್ಲಬ್ ಅವರನ್ನು ವಜಾ ಮಾಡಿತು. ಆಗ ತಂಡ ಕೆಳಗಿನ ಲೀಗಿಗೆ ಹಿಂಬಡ್ತಿಯಾಗುವ ಅಂಚಿನಲ್ಲಿತ್ತು, ಆದರೆ ಅದೇ ಋತುವಿನಲ್ಲಿ ಚಾಂಪಿಯನ್ಸ್ ಲೀಗ್ ಗುಂಪಿನಲ್ಲಿ ಅಗ್ರಸ್ಥಾನ ಪಡೆದಿತ್ತು. ಒಬ್ಬನೇ ಮನುಷ್ಯ, ಅದೇ ಆಟಗಾರರು, ಅದೇ ತಿಂಗಳುಗಳು! ಹಿಂದಿನ ವರ್ಷ ಹೊಗಳಿಸಿಕೊಂಡಿದ್ದ ಸೌಮ್ಯತೆಯನ್ನು ಆಗ ದೌರ್ಬಲ್ಯವೆಂದು ಜರೆದವರು ಬಹಳ; ನಾನೂ ಕೆಲವು ದಿನ ಹಾಗೆಯೇ ಮಾತನಾಡಿದೆ. ಸೋಲು ಗೆಲುವನ್ನು ನೋಡಿಕೊಂಡು ಸ್ವಭಾವಕ್ಕೆ ಹೆಸರಿಡುವ ಈ ಚಾಳಿ ಎಷ್ಟು ಹಳೆಯದೋ ಅಷ್ಟೇ ನಿರರ್ಥಕ.

ಆದ್ದರಿಂದ ಖಚಿತ ತೀರ್ಮಾನಕ್ಕೆ ಬರಬೇಕೆಂಬ ನಿಮ್ಮ ಹಂಬಲವನ್ನೇ ನಾನು ಒಪ್ಪುವುದಿಲ್ಲ. ಮ್ಯಾನೇಜರ್‌ನ ಸಾಮರ್ಥ್ಯವೆಂಬುದು ಒಮ್ಮೆ ತೂಗಿ ಬರೆದಿಟ್ಟುಕೊಳ್ಳಬಹುದಾದ ವಸ್ತುವಲ್ಲ. ಗ್ರೀಸ್‌ನಲ್ಲಿ ಸೋತವರು, ಲೆಸ್ಟರ್‌ನಲ್ಲಿ ಗೆದ್ದವರು, 2024ರ ನವೆಂಬರ್‌ನಲ್ಲಿ 73ನೆಯ ವಯಸ್ಸಿನಲ್ಲಿ ರೋಮಾ ತಂಡವನ್ನು 12ನೆಯ ಸ್ಥಾನದಲ್ಲಿ ಕೈಗೆತ್ತಿಕೊಂಡು 5ನೆಯ ಸ್ಥಾನಕ್ಕೆ ಮುಟ್ಟಿಸಿದವರು, ಎಲ್ಲರೂ ಒಬ್ಬರೇ. ಇವುಗಳಲ್ಲಿ ಯಾವುದು ನಿಜವಾದ ರಾನಿಯೇರಿ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಬೇಕೆಂದೂ ಅನ್ನಿಸುವುದಿಲ್ಲ.

ಒಳ್ಳೆಯ ಮನುಷ್ಯನೇ ಎಂಬ ಪ್ರಶ್ನೆಗೆ ಸುದ್ದಿಗೋಷ್ಠಿಯ ಮಾತುಗಳಿಂದ ಉತ್ತರ ಹುಡುಕಬೇಡಿ, ಕಣ್ಣಿಗೆ ಕಂಡ ನಡತೆಯನ್ನಷ್ಟೇ ಗಮನಿಸಿ. 2023ರ ಜೂನ್‌ನಲ್ಲಿ ರಾನಿಯೇರಿ ಅವರ ಕಾಲಿಯಾರಿ ತಂಡ ಬಾರಿ ತಂಡವನ್ನು ಕೊನೆಯ ಕ್ಷಣದ ಗೋಲಿನಿಂದ ಸೋಲಿಸಿ ಇಟಲಿಯ ಅತ್ಯುನ್ನತ ಲೀಗ್ ಆದ ಸೀರಿ ಎಗೆ ಬಡ್ತಿ ಪಡೆದಾಗ, ಸೋತವರನ್ನು ಹಂಗಿಸುತ್ತಿದ್ದ ತಮ್ಮದೇ ಅಭಿಮಾನಿಗಳ ಬಳಿಗೆ ಹೋಗಿ ಅವರು ತಡೆದರು. ಅಷ್ಟನ್ನು ನಾನು ನಂಬುತ್ತೇನೆ. ಆದರೆ ಅದರಿಂದ ಮುಂದಿನ ಪಂದ್ಯದ ಫಲಿತಾಂಶವನ್ನು ಊಹಿಸುವುದಿಲ್ಲ.

ನಿಮ್ಮ ಮ್ಯಾನೇಜರ್ ವಿಷಯದಲ್ಲಿ ಮುಂದಿನ ಸಲ ಅಭಿಪ್ರಾಯ ಬದಲಾಗುವ ಮೊದಲು, ಆತ ಬಂದಾಗ ಅಲ್ಲಿ ಏನೇನಿತ್ತು, ಯಾರನ್ನು ಉಳಿಸಿಕೊಂಡ, ಯಾರು ಬಿಟ್ಟುಹೋದರು ಎಂಬುದನ್ನು ತಿಳಿದುಕೊಳ್ಳಿ. ನಮ್ಮ ಹಳೆಯ ಕೋಚ್‌ರನ್ನು ಮರಳಿ ಬನ್ನಿ ಎಂದು ಕೇಳಲು ನಾನು ಹೋದಾಗ, ಅಷ್ಟರಲ್ಲಿ ಅವರು ಬೇರೊಂದು ತಂಡದ ಹೊಣೆ ಒಪ್ಪಿಕೊಂಡಾಗಿತ್ತು.